ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷ

ಅಮೆರಿಕದಲ್ಲಿ ಬದುಕಲು ನ್ಯೂಜೆರ್ಸಿ ಒಳ್ಳೆಯದೋ ಟೆಕ್ಸಾಸ್ ಒಳ್ಳೆಯದೋ ಎಂಬ ಚರ್ಚೆ ಮಸ್ಕತ್ತಿನ ಅಲ್ ಖುವೈರ್‌ನಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಏಳು ಶುಕ್ರವಾರ ನಡೆಯಿತು. ಚರ್ಚೆ ಮಾಡಿದವರಲ್ಲಿ ಒಬ್ಬರೂ ಅಮೆರಿಕ ಕಂಡವರಲ್ಲ. ಪರೀಕ್ಷೆ ಪಾಸು ಮಾಡಿದವಳು ನಾನು, ಹೋಗಿ ದುಡಿಯಬೇಕಾದವಳು ನಾನು, ಅದರಲ್ಲಿ ಆರು ಶುಕ್ರವಾರ ಚಹಾ ಮಾಡಿದವಳೂ ನಾನೇ.

ಅದು ತೊಂಬತ್ತರ ದಶಕದ ಆರಂಭ. ಕುವೈತಿನ ಯುದ್ಧ ಮುಗಿದು ಎಲ್ಲ ಶಾಂತವಾಗಿದೆ ಎಂದು ರೇಡಿಯೋ ಹೇಳುತ್ತಿತ್ತು. ಗಲ್ಫಿನಲ್ಲಿದ್ದ ನಮ್ಮ ಕಡೆಯವರ ಮನಸ್ಸು ಮಾತ್ರ ಶಾಂತವಾಗಿರಲಿಲ್ಲ. ಅಲ್ಲಿ ಆದದ್ದು ನಾಳೆ ಇಲ್ಲಿ ಆಗುವುದಿಲ್ಲವೆಂದು ಏನು ಗ್ಯಾರಂಟಿ ಎಂದು ಎಲ್ಲರೂ ಕೇಳುವವರೇ. ಆಗ ನಾನು ಮಸ್ಕತ್ತಿನ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ ನರ್ಸ್. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಎಂಬತ್ತರ ದಶಕದ ಮೊದಲಲ್ಲಿ ಒಬ್ಬಳೇ ಬಂದು ಇಳಿದವಳು. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಉಸಿರು ಎಣಿಸುತ್ತ, ತೊಟ್ಟು ತೊಟ್ಟು ಹಾಲು ಕುಡಿಸಿ ಬದುಕಿಸುವುದು ನನ್ನ ಕೆಲಸ. ಆ ಕೆಲಸ ನನಗೆ ಬಹಳ ಚೆನ್ನಾಗಿ ಬರುತ್ತಿತ್ತು. ವಿನಯ ಬಿಟ್ಟೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಜಗಳವೆಲ್ಲ ಆ ಕೆಲಸದ್ದೇ.

ಹೊರದೇಶದ ನರ್ಸುಗಳಿಗೆ ಅಮೆರಿಕದವರು ಇಡುವ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದೆ. ಕೆಲಸವನ್ನೂ ಅಲ್ಲೇ ನೆಲೆಸುವ ಕಾಗದವನ್ನೂ ಮಾಡಿಸಿಕೊಡುವ ಏಜೆನ್ಸಿಯಿಂದ ಒಂದು ಫಾರ್ಮ್ ಬಂತು. ಅದರ ಎರಡನೇ ಪುಟದಲ್ಲಿ ಒಂದು ಚೌಕ. ಯಾವ ರಾಜ್ಯದಲ್ಲಿ ಕೆಲಸ ಮಾಡಲು ಬಯಸುತ್ತೀರಿ ಎಂದು ಕೇಳಿ, ಒಂದೇ ಹೆಸರಿಗೆ ಜಾಗ ಬಿಟ್ಟಿದ್ದರು. ಕೇಳಿದ್ದು ನನ್ನನ್ನು. ಆದರೆ ಆ ಚೌಕವನ್ನು ತುಂಬುವ ಜವಾಬ್ದಾರಿ ತಮ್ಮದೆಂದು ನಮ್ಮ ಮನೆಯ ಸೋಫಾದ ಮೇಲೆ ಕೂತವರೆಲ್ಲ ಭಾವಿಸಿದರು. ಫಾರ್ಮು ಫ್ರಿಜ್ಜಿನ ಮೇಲೆ, ಕ್ಯಾಲೆಂಡರಿನ ಕೆಳಗೆ, ಖಾಲಿಯಾಗಿಯೇ ಬಿದ್ದಿತ್ತು.

ನ್ಯೂಜೆರ್ಸಿಯಲ್ಲಿ ನನ್ನ ಗಂಡನ ಅಣ್ಣ ಇದ್ದರು. ಭಾವ ಹೋಗಿ ಹದಿನೈದು ವರ್ಷವಾಗಿತ್ತು, ಸ್ವಂತ ಮನೆ ಮಾಡಿದ್ದರು. ಮನೆಯ ಅಡಿಯಲ್ಲಿ, ಅರ್ಧ ನೆಲದೊಳಗೆ, ಎರಡು ಕೋಣೆ ಖಾಲಿ ಇದೆ, ನೀವು ಮೂವರೂ ಅಲ್ಲಿ ಇರಬಹುದು ಎಂದು ಅವರ ಆಹ್ವಾನ. ಅಡುಗೆಮನೆ ಮೇಲೆ, ಒಂದೇ. ಪಕ್ಕದ ಬೀದಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಿದೆ, ಅದನ್ನು ನಡೆಸುವವರ ಪರಿಚಯವಿದೆ, ನನಗೆ ಅಲ್ಲಿ ಕೆಲಸ ಖಚಿತ ಎಂದೂ ಹೇಳಿದ್ದರು. ಟೆಕ್ಸಾಸಿನಲ್ಲಿದ್ದವಳು ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳತಿ. ಅವಳ ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿಗೆ ಅನುಭವವಿದ್ದವರು ಬೇಕಾಗಿದ್ದರು. ನನ್ನ ಹೆಸರನ್ನು ಅವಳು ಆಗಲೇ ಹೇಳಿಬಿಟ್ಟಿದ್ದಳು.

ನನಗೆ ಮೊದಲ ದಿನವೇ ಗೊತ್ತಿತ್ತು ಯಾವುದು ಬೇಕೆಂದು. ವೃದ್ಧರ ಸೇವೆ ಸಣ್ಣ ಕೆಲಸ ಎಂದು ನಾನು ಹೇಳುವುದಿಲ್ಲ. ಆದರೆ ಹನ್ನೊಂದು ವರ್ಷ ಕೈಗೆ ಕಲಿಸಿದ ವಿದ್ಯೆಯನ್ನು, ಅಡುಗೆಮನೆ ಮೇಲಿದೆ ಎಂಬ ಒಂದೇ ಕಾರಣಕ್ಕೆ, ನಾನೇಕೆ ಬಿಡಬೇಕು?

ಇನ್ನು ಕ್ಯಾಸೆಟ್ಟಿನ ವಿಷಯ ಹೇಳಬೇಕು. ಫೋನ್ ಆಗ ಬಹಳ ದುಬಾರಿ, ಕಾಗದ ಬರೆಯಲು ನಮ್ಮ ಗಂಡಸರಿಗೆ ಸೋಮಾರಿತನ. ಹಾಗಾಗಿ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇದ್ದ ಟೂ-ಇನ್-ವನ್ನಿನ ಎದುರು ಕೂತು ಮಾತಾಡಿ, ಆ ಕ್ಯಾಸೆಟ್ಟನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದು ರೂಢಿ. ಭಾವನ ಕ್ಯಾಸೆಟ್ ಬಂದರೆ ಶುಕ್ರವಾರ ಸಂಜೆ ಎಲ್ಲರೂ ಕೂತು ಕೇಳುವುದು, ಆಮೇಲೆ ನಮ್ಮ ಉತ್ತರ ರೆಕಾರ್ಡ್ ಮಾಡುವುದು. ಇವರು, ಅಂದರೆ ನನ್ನ ಗಂಡ, ಅದಕ್ಕೊಂದು ನಿಯಮ ಮಾಡಿದ್ದರು. ರೆಕಾರ್ಡಿನ ಕೆಂಪು ಗುಂಡಿ ಒತ್ತಿದ ಮೇಲೆ ಮಾತಾಡುವವರನ್ನು ಬಿಟ್ಟು ಬೇರೆ ಯಾರೂ ಕೆಮ್ಮಲೂ ಬಾರದು. ಮೊದಲು ಇವರು ಮಾತಾಡುವರು. ನಂತರ ಕೆಳಗಿನ ಮನೆಯವರು, ಪ್ರತಿ ಶುಕ್ರವಾರ ನಮ್ಮಲ್ಲಿಗೆ ಬರುತ್ತಿದ್ದ ನೆರೆಯವರು. ಮಧ್ಯೆ ಮಗಳು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದ್ಯ ಹೇಳುವಳು. ಟೇಪು ಮುಗಿಯುತ್ತ ಬಂದಾಗ ಇವರು ಅಡುಗೆಮನೆಯ ಕಡೆ ತಿರುಗಿ ಕರೆಯುವರು.

"ಬಾ ಮಾರಾಯ್ತಿ, ಇನ್ನೆರಡು ನಿಮಿಷ ಉಂಟು. ನೀನೂ ಎರಡು ಮಾತು ಹೇಳು."

ನಾನು ಕೈ ಒರೆಸಿಕೊಂಡು ಬಂದು, ಭಾವ ನಮಸ್ಕಾರ, ನಾವೆಲ್ಲ ಸೌಖ್ಯ, ಅಕ್ಕ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಅಲ್ಲಿ ಚಳಿಯಾ ಎಂದು ಕೇಳುವಷ್ಟರಲ್ಲಿ ಟಕ್ಕೆಂದು ಗುಂಡಿ ಮೇಲೇಳುತ್ತಿತ್ತು. ವರ್ಷಕ್ಕೆ ಆರು ಕ್ಯಾಸೆಟ್ ಹೋದರೂ ಎಲ್ಲದರಲ್ಲೂ ನನ್ನದು ಅದೇ ಚಳಿಯ ಪ್ರಶ್ನೆ. ಭಾವನಿಗೆ ನನ್ನ ಬಗ್ಗೆ ಗೊತ್ತಿದ್ದುದೂ ಅಷ್ಟೇ ಇರಬೇಕು.

ಫಾರ್ಮಿನ ಸುದ್ದಿ ಕೇಳಿ ಭಾವ ಕಳಿಸಿದ ಕ್ಯಾಸೆಟ್ಟು ಅರ್ಧ ಗಂಟೆಯದು. ಅದು ಪೂರ್ತಿ ನನ್ನ ಉದ್ಯೋಗದ ಬಗ್ಗೆ, ಆದರೆ ನನ್ನೊಡನೆ ಒಂದು ಮಾತಿಲ್ಲ. "ತಮ್ಮಾ, ಅವಳು ಇಲ್ಲಿ ಬರ್ಲಿ. ಅವಳಿಗೆ ಕೆಲಸ ನಾನು ನೋಡಿ ಇಟ್ಟಿದ್ದೇನೆ. ಅವಳು ಡ್ಯೂಟಿಗೆ ಹೋದ್ರೆ ಹುಡುಗಿಯನ್ನು ನಿನ್ನ ಅತ್ತಿಗೆ ನೋಡ್ತಾಳೆ. ಆ ಟೆಕ್ಸಾಸಿಗೆಲ್ಲ ಹೋಗಿ ಸಿಕ್ಕಿಹಾಕ್ಕೊಂಡ್ರೆ ಮತ್ತೆ ಕಷ್ಟ. ಒಂದು ಸ್ಟೇಟಿನ ನರ್ಸ್ ಲೈಸೆನ್ಸ್ ಇನ್ನೊಂದು ಸ್ಟೇಟಿಗೆ ನಡೆಯುದಿಲ್ಲ." ನಾನು ಚಹಾದ ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಆ 'ಅವಳು' ಯಾರಿರಬಹುದು ಎಂದು ಯೋಚಿಸಿದೆ.

ಆ ಕೊನೆಯ ವಾಕ್ಯ ಎಲ್ಲರ ತಲೆ ಕೆಡಿಸಿತು. ಕೆಳಗಿನ ಮನೆಯವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಕಚೇರಿಯೊಂದರಲ್ಲಿ ಟೈಪಿಸ್ಟ್. ಜನರ ವೀಸಾದ ಅರ್ಜಿ ಟೈಪು ಮಾಡಿ ಮಾಡಿ, ಜಗತ್ತಿನ ಎಲ್ಲ ವೀಸಾಗಳೂ ತಮಗೆ ಗೊತ್ತು ಎಂದು ತಿಳಿದುಕೊಂಡಿದ್ದರು. ನನ್ನನ್ನು ಅವರು ಸಿಸ್ಟರ್ ಎಂದೇ ಕರೆಯುವುದು.

"ನೋಡಿ ಸಿಸ್ಟರ್, ಇದರ ಅರ್ಥ ಸಿಂಪಲ್," ಎಂದರು ಅವರು. "ಲೈಸೆನ್ಸ್ ನಡೆಯುದಿಲ್ಲ ಅಂದ್ರೆ ಎಂತ? ಮೊದಲಿನ ಸ್ಟೇಟಿನವ ನಿಮ್ಮನ್ನು ಬಿಡ್ಬೇಕು. ರಿಲೀಸ್ ಬೇಕು, ಎನ್‌ಒಸಿ ಬೇಕು. ಅವ ಕೊಡದಿದ್ರೆ ಖಲಾಸ್. ಎರಡು ವರ್ಷ ಮನೆಯಲ್ಲಿ ಕೂತ್ಕೊಳ್ಳಿ."

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ನಂಬಿದೆ. ಅದನ್ನು ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಂಬಿದ್ದು ನಿಜ. ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್, ಅಂದರೆ ಸ್ಥಳೀಯ ಪ್ರಾಯೋಜಕ, ಬಿಟ್ಟುಕೊಡುವ ಆ ಕಾಗದ ಕೊಡದೆ ಬೀದಿಯಾಚೆಯ ಕಂಪನಿಗೂ ಹೋಗುವಂತಿಲ್ಲ ಎಂಬಲ್ಲಿ ಹತ್ತು ಹನ್ನೆರಡು ವರ್ಷ ಬದುಕಿದವರು ನಾವು. ದೊಡ್ಡ ದೇಶಕ್ಕೆ ದೊಡ್ಡ ಕಫೀಲ್ ಇರುತ್ತಾನೆ, ಐವತ್ತು ರಾಜ್ಯಕ್ಕೆ ಐವತ್ತು ಕಫೀಲರು ಇರುತ್ತಾರೆ ಎಂಬುದು ನಮಗೆ ಸಹಜವಾಗಿಯೇ ಕಂಡಿತು. ಅಟ್ಲಾಸ್ ಬಿಡಿಸಿ ಕೂತಿದ್ದ ಎಂಟು ವರ್ಷದ ಮಗಳು ಮಾತ್ರ "ಬಟ್ ಪಪ್ಪಾ, ಇಟ್ಸ್ ಒನ್ ಕಂಟ್ರಿ" ಎಂದಳು. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಎಂದು ಅವಳಿಗೆ ಬೈಗುಳ ಬಿತ್ತು.

ಇವರು ಎಲ್ಲರಿಗಿಂತ ಹೆಚ್ಚು ಹೆದರಿದ್ದಕ್ಕೆ ಕಾರಣವಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಇವರಿಗೆ ಬೇರೊಂದು ಕಂಪನಿಯಿಂದ ಒಳ್ಳೆಯ ಕೆಲಸದ ಕರೆ ಬಂದಿತ್ತು. ಆಗಿನ ಕಫೀಲ್ ರಿಲೀಸ್ ಕೊಡಲಿಲ್ಲ. ಅದಿಲ್ಲದೆ ಕೆಲಸ ಬಿಟ್ಟವರು ಎರಡು ವರ್ಷ ಆ ದೇಶಕ್ಕೆ ಮರಳುವಂತಿಲ್ಲ. ಇವರು ಹಟಕ್ಕೆ ಬಿದ್ದು ರಾಜೀನಾಮೆ ಕೊಟ್ಟು, ಊರಿಗೆ ಹೋಗಿ ಎರಡು ವರ್ಷ ಕೂತರು. ವಾಪಸು ಬಂದಾಗ ಆ ಒಳ್ಳೆಯ ಕೆಲಸ ಇನ್ನೊಬ್ಬನದಾಗಿತ್ತು. ಇನ್ನೊಂದು ಕಂಪನಿಯ ಸ್ಟೋರಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಆ ಎರಡು ವರ್ಷ ನಾನು ಮಸ್ಕತ್ತಿನಲ್ಲಿ, ಇವರು ಊರಿನಲ್ಲಿ. ಮಗಳು ಅಪ್ಪನನ್ನು ಫೋಟೋದಲ್ಲಿ ನೋಡಿ ಮಾತು ಕಲಿತಳು. ಅಂದಿನಿಂದ ಇವರು ಯಾವ ಕಾಗದಕ್ಕೂ ಒಂದೇ ಸಲಕ್ಕೆ ಸಹಿ ಹಾಕಿದವರಲ್ಲ. ಹಾಗಾಗಿ ಇವರ ಹೆದರಿಕೆಯ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ಹೆದರಿಕೆ ನನ್ನ ಚೌಕವನ್ನು ತುಂಬಲು ಬಂದಾಗ ಮಾತ್ರ ಸಿಟ್ಟು ಬಂತು.

ಇನ್ನು ಚರ್ಚೆಯೋ, ನೋಡುವ ಹಾಗಿತ್ತು. ಒಮ್ಮೆ ಹೋದರೆ ಮತ್ತೆ ಬಿಡುಗಡೆಯಿಲ್ಲ ಎಂದು ಆದಮೇಲೆ ಗಂಡಸರು ಹೆಣ್ಣು ನೋಡುವಷ್ಟು ಎಚ್ಚರದಿಂದ ರಾಜ್ಯ ನೋಡತೊಡಗಿದರು. ನ್ಯೂಜೆರ್ಸಿಯಿಂದ ಬೊಂಬಾಯಿಗೆ ಎಷ್ಟು ಗಂಟೆಯ ವಿಮಾನ ಎಂದು ಅಟ್ಲಾಸಿನ ಮೇಲೆ ನೂಲು ಹಿಡಿದು ಅಳೆದರು. ಅಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಭಾವ ಹೇಳಿದ್ದಾರೆ. ಟೆಕ್ಸಾಸಿನಲ್ಲಿ ಬಂಗುಡೆ ಸಿಗುತ್ತದೋ ಇಲ್ಲವೋ, ಸಮುದ್ರವೇನೋ ಇದೆ, ಆದರೆ ಆ ಸಮುದ್ರದಲ್ಲಿ ಬಂಗುಡೆ ಇದೆಯೋ? ನ್ಯೂಜೆರ್ಸಿಯಲ್ಲಿ ಹಿಮ ಬೀಳುತ್ತದೆ. ಬಿದ್ದರೆ ಏನು, ಮನೆಯೊಳಗೆ ಹೀಟರ್ ಇದೆ. ಟೆಕ್ಸಾಸಿನಲ್ಲಿ ಜೂನಿನಲ್ಲಿ ಇಲ್ಲಿನ ಹಾಗೇ ಸೆಕೆಯಂತೆ. ಹಾಗಾದರೆ ಇಲ್ಲಿಂದ ಹೋಗಿ ಏನು ಪ್ರಯೋಜನ? ಟೆಕ್ಸಾಸಿನಲ್ಲಿ ಎಲ್ಲದಕ್ಕೂ ಕಾರು ಬೇಕು. ನ್ಯೂಜೆರ್ಸಿಯಲ್ಲಿ ರೈಲಿದೆ. ಆರನೇ ಶುಕ್ರವಾರ ಮಗಳನ್ನು ಬೌಷರ್‌ನ ಮರಳ ದಿಬ್ಬಕ್ಕೆ ಆಡಲು ಕರೆದುಕೊಂಡು ಹೋದಾಗಲೂ, ಬೆಚ್ಚಗಿನ ಮರಳಿನ ಮೇಲೆ ಕಾಲು ಚಾಚಿ ಕೂತು ಅವರು ಹಿಮದ ಬಗ್ಗೆಯೇ ಮಾತಾಡಿದರು. ಯಾವ ಆಸ್ಪತ್ರೆ, ಯಾವ ವಾರ್ಡು ಎಂಬುದು ಆ ಏಳು ವಾರದಲ್ಲಿ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ನಾನು ಒಂದು ಸಲ ಬಾಯಿ ಬಿಟ್ಟೆ. ನನಗೆ ಮಕ್ಕಳ ವಾರ್ಡು ಬೇಕು ಎಂದೆ.

"ಎಲ್ಲಿ ಆದ್ರೂ ರೋಗಿಗಳೇ ಅಲ್ವಾ ಮಾರಾಯ್ತಿ," ಎಂದರು ಇವರು.

ಮೈ ಉರಿಯಿತು. ಸ್ಟೋರಿನಲ್ಲಿ ಎಲ್ಲವೂ ಸಾಮಾನೇ ಅಲ್ಲವೇ, ಸಿಮೆಂಟು ಕೇಳಿದವರಿಗೆ ಸ್ಕ್ರೂ ಕೊಟ್ಟು ಕಳಿಸಿ ನೋಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅತಿಥಿಗಳಿದ್ದರೆಂದು ನುಂಗಿದೆ. ನುಂಗಿದ್ದು ತಪ್ಪು ಎಂದು ಈಗಲೂ ಅನಿಸುತ್ತದೆ.

ಅದಕ್ಕೂ ಮೊದಲೇ, ಎರಡನೇ ಶುಕ್ರವಾರ ಕಳೆದ ಮೇಲೆ, ನಮ್ಮ ವಾರ್ಡಿನಲ್ಲಿ ಒಬ್ಬಳು ಅಮೆರಿಕನ್ ತಾಯಿಯ ಪರಿಚಯವಾಗಿತ್ತು. ಗಂಡ ಎಣ್ಣೆಬಾವಿಯ ಎಂಜಿನಿಯರ್. ಮಗು ಎರಡು ತಿಂಗಳು ಮೊದಲೇ ಹುಟ್ಟಿಬಿಟ್ಟಿತ್ತು. ಅವಳು ದಿನವೂ ಬೆಳಿಗ್ಗೆ ಬಂದು ಗಾಜಿನ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವಳು. ಒಳಗೆ ಕೈ ತೂರಿಸುವ ಕಿಂಡಿಯಿಂದ ಮಗುವಿನ ಪಾದಕ್ಕೆ ಬೆರಳು ತಾಗಿಸುವುದು ಹೇಗೆಂದು ನಾನೇ ಅವಳಿಗೆ ಕಲಿಸಿದ್ದೆ. ಒಂದು ದಿನ ಹಾಲು ಕುಡಿಸುವಾಗ, ನಿಮ್ಮ ಊರು ಅಮೆರಿಕದ ಯಾವ ರಾಜ್ಯ ಎಂದು ಕೇಳಿದೆ.

ಹುಟ್ಟಿದ್ದು ನ್ಯೂಜೆರ್ಸಿ, ಓದಿದ್ದು ಒಹಾಯೋ, ಮದುವೆಯಾಗಿ ಹೋದದ್ದು ಟೆಕ್ಸಾಸ್ ಎಂದಳು.

ನನ್ನ ಕೈ ನಿಂತಿತು. ಅಷ್ಟು ಸಲ ರಿಲೀಸ್ ಹೇಗೆ ಸಿಕ್ಕಿತು ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಯಾರ ಅನುಮತಿ ತೆಗೆದುಕೊಂಡಿರಿ? ಅವಳು ಹೇಳಿದಳು: ಸಾಮಾನನ್ನೆಲ್ಲ ಒಂದು ಲಾರಿಗೆ ತುಂಬಿದೆವು, ಮೂರು ದಿನ ಓಡಿಸಿದೆವು, ತಲುಪಿದೆವು.

"ಗಡಿಯಲ್ಲಿ?" ಎಂದೆ.

"ಗಡಿಯಲ್ಲಿ ಒಂದು ಬೋರ್ಡ್ ಇರುತ್ತದೆ," ಎಂದಳು ಅವಳು. "ಸ್ವಾಗತ ಎಂದು ಬರೆದಿರುತ್ತದೆ."

ಅವಳು ನಗಲಿಲ್ಲ, ಅದಕ್ಕೆ ನಾನು ಇಂದಿಗೂ ಅವಳಿಗೆ ಋಣಿ. ಎರಡು ರಾಜ್ಯಗಳಲ್ಲಿ ಯಾವುದು ವಾಸಕ್ಕೆ ಒಳ್ಳೆಯದು ಎಂದೂ ಕೇಳಿದೆ. ನ್ಯೂಜೆರ್ಸಿಯಲ್ಲಿ ಎಲ್ಲವೂ ಹತ್ತಿರ, ಮನೆಗಳೂ ಹತ್ತಿರ, ನೆಂಟರೂ ಹತ್ತಿರ. ಮರಗಳು ಶರತ್ಕಾಲದಲ್ಲಿ ಕೆಂಪಾಗುವುದನ್ನು ನೋಡಬೇಕು ಎಂದಳು. ಟೆಕ್ಸಾಸಿನಲ್ಲಿ ಎಲ್ಲವೂ ದೂರ, ಬಿಸಿಲು ಜೋರು, ಬಿರುಗಾಳಿ ಬಂದರೆ ಹೆದರಿಕೆಯಾಗುತ್ತದೆ, ಆದರೆ ಅಲ್ಲಿ ಯಾರೂ ನಿನ್ನನ್ನು ಎಲ್ಲಿಗೆ ಹೊರಟೆ ಎಂದು ಕೇಳುವುದಿಲ್ಲ ಎಂದಳು. ಆಮೇಲೆ ಮಗುವಿನ ಕಡೆ ನೋಡಿ, ಇಂಥ ಮಕ್ಕಳನ್ನು ನೋಡಿಕೊಳ್ಳಲು ಗೊತ್ತಿರುವವರಿದ್ದರೆ ಯಾವ ರಾಜ್ಯವಾದರೂ ಸರಿ ಎಂದಳು. ಆ ಮಗು ಆ ದಿನ ಮೊದಲ ಬಾರಿಗೆ ಪೂರ್ತಿ ಪಾಲು ಹಾಲು ಕುಡಿದು ಮುಗಿಸಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ನಂಬಲಿಲ್ಲ.

"ಅವಳು ಅಲ್ಲಿ ಹುಟ್ಟಿದವಳು," ಎಂದರು. "ಅವಳಿಗೆ ಎಲ್ಲ ನಡೀತದೆ. ನಮ್ಮಂಥವರಿಗೆ ರೂಲ್ ಬೇರೆಯೇ ಇರ್ತದೆ."

ಕೆಳಗಿನ ಮನೆಯವರೂ ತಲೆಯಾಡಿಸಿದರು. ಅಮೆರಿಕದವಳೇ ಹೇಳಿದರೂ ಅಮೆರಿಕದ ಕಾನೂನು ಅಲ್ ಖುವೈರ್‌ನಲ್ಲಿ ಪಾಸಾಗಲಿಲ್ಲ. ನಾನು ಗೆಳತಿಗೆ ಕಾಗದ ಬರೆದೆ. ಸುತ್ತು ಬಳಸಿಲ್ಲದೆ ಒಂದೇ ಪ್ರಶ್ನೆ: ನಮ್ಮಂಥವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಯಾರು ಬಿಡಬೇಕು? ನಾಲ್ಕು ವಾರ ಕಳೆದು ಉತ್ತರ ಬಂತು. ಬಂದದ್ದು ಏಳನೇ ಶುಕ್ರವಾರದ ಹಿಂದಿನ ದಿನ, ಗುರುವಾರ. ಮಧ್ಯಾಹ್ನ ಡ್ಯೂಟಿ ಮುಗಿಸಿ, ಬಸ್ಸಿನಲ್ಲೇ ಬಿಡಿಸಿ ಓದಿದೆ.

ಅವಳು ಬರೆದಿದ್ದಳು: 'ನಿನಗೆ ತಲೆ ಸರಿ ಇದೆಯಾ? ನಾನು ಮೊದಲು ಇದ್ದದ್ದು ಫ್ಲೋರಿಡಾದಲ್ಲಿ. ಅಲ್ಲಿಂದ ಇಲ್ಲಿಗೆ ಬರುವಾಗ ನನ್ನನ್ನು ಯಾರೂ ಬಿಡಲಿಲ್ಲ, ಯಾರೂ ಹಿಡಿದಿರಲೂ ಇಲ್ಲ. ನಮ್ಮ ಹಾಗೆ ನೆಲೆಸುವ ಕಾಗದ ಇದ್ದವರನ್ನು ಯಾರೂ ಕೇಳುವುದಿಲ್ಲ. ನರ್ಸ್ ಲೈಸೆನ್ಸಿಗೆ ಇಲ್ಲಿನ ರಾಜ್ಯಕ್ಕೆ ಒಂದು ಅರ್ಜಿ ಹಾಕಿದೆ, ಕೆಲವು ವಾರ ಕಾದೆ, ಬಂತು. ಮದುವೆಯ ಮೊದಲು ಹಾಸ್ಟೆಲ್ ಗೋಡೆ ಹಾರಿ ಸಿನಿಮಾಕ್ಕೆ ಹೋಗುವಾಗ ಯಾರ ಎನ್‌ಒಸಿ ತಗೊಂಡಿದ್ದೆ ನೀನು?'

ಬಸ್ಸಿನಲ್ಲಿ ನಗು ಬಂತು. ಮರುಕ್ಷಣವೇ ಸಿಟ್ಟು ಬಂತು, ಅದೂ ನನ್ನ ಮೇಲೆ. ನಮ್ಮ ವಾರ್ಡಿನ ವೈದ್ಯರು ತಪ್ಪು ಅಳತೆಯ ಔಷಧಿ ಬರೆದರೆ ಎದುರು ನಿಂತು ಇದು ಸರಿಯಿಲ್ಲ ಎಂದು ಹೇಳುವವಳು ನಾನು. ಮನೆಯಲ್ಲಿ ಮಾತ್ರ ಏಳು ವಾರದಿಂದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಮೆರಿಕದಲ್ಲಿ ಇಲ್ಲದ ಕಫೀಲನನ್ನು ನಾವೇ ಸೃಷ್ಟಿಸಿ, ಅವನನ್ನು ನಮ್ಮ ಸೋಫಾದ ಮೇಲೆ ಕೂರಿಸಿ, ಅವನಿಗೆ ನಾನೇ ಚಹಾ ಕೊಡುತ್ತಿದ್ದೆ. ಭಾವ ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದರು. ಉಳಿದ ಅರ್ಧವನ್ನು ನಮ್ಮ ಹೆದರಿಕೆ ತುಂಬಿಸಿಕೊಂಡಿತ್ತು.

ಮನೆಗೆ ಹೋಗಿ ಮೊದಲು ಫ್ರಿಜ್ಜಿನ ಮೇಲಿನಿಂದ ಫಾರ್ಮ್ ತೆಗೆದೆ. ವಾರ್ಡಿನ ನೀಲಿ ಪೆನ್ನು ಸಮವಸ್ತ್ರದ ಜೇಬಿನಲ್ಲೇ ಇತ್ತು. ಚೌಕದಲ್ಲಿ ದೊಡ್ಡ ಅಕ್ಷರದಲ್ಲಿ ಟೆಕ್ಸಾಸ್ ಎಂದು ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ನನ್ನ ಕೈಚೀಲದಲ್ಲಿಟ್ಟೆ.

ಮರುದಿನ ಸಂಜೆ ಎಲ್ಲರೂ ಸೇರಿದರು. ಇವರು, ಕೆಳಗಿನ ಮನೆಯವರು, ಅವರ ಹೆಂಡತಿ, ಅಟ್ಲಾಸಿನೊಂದಿಗೆ ಮಗಳು. ಅಂದು ತೀರ್ಮಾನ ಹೇಳಿ ಕ್ಯಾಸೆಟ್ ಕಳಿಸುವ ದಿನ. ತೀರ್ಮಾನ ನ್ಯೂಜೆರ್ಸಿ ಎಂದು ಎಲ್ಲರಿಗೂ ಗೊತ್ತಿತ್ತು. ಇವರು ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಹರಿದು, ಟೂ-ಇನ್-ವನ್ನಿಗೆ ಹಾಕಿ, ಗಂಟಲು ಸರಿಮಾಡಿಕೊಂಡು ಕೆಂಪು ಗುಂಡಿ ಒತ್ತಿದರು. ಬಾಯಿ ತೆರೆಯುವ ಮೊದಲು ನಾನು ಹೋಗಿ ಎದುರಿನ ಕುರ್ಚಿಯಲ್ಲಿ ಕೂತೆ.

"ಭಾವ, ನಮಸ್ಕಾರ," ಎಂದೆ. "ನೀವು ಕ್ಯಾಸೆಟ್ಟಲ್ಲಿ 'ಅವಳು' 'ಅವಳು' ಅಂತ ಹೇಳ್ತೀರಲ್ಲ, ಅವಳೇ ಮಾತಾಡುದು. ಇವತ್ತು ಮೊದಲು ನಾನು."

ಇವರು ಬಾಯಿ ತೆರೆದರು. ನಾನು ತಿರುಗುವ ಟೇಪನ್ನು ತೋರಿಸಿದೆ. ಬೇರೆ ಯಾರೂ ಕೆಮ್ಮಲೂ ಬಾರದು ಎಂಬುದು ಇವರದೇ ನಿಯಮ. ಬಾಯಿ ಮುಚ್ಚಿದರು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಒಂದು ಪಾಳಿಯವರು ಹೋಗುವಾಗ ಇನ್ನೊಂದು ಪಾಳಿಯವರಿಗೆ ಪ್ರತಿ ಹಾಸಿಗೆಯ ಪಕ್ಕ ನಿಂತು ವರದಿ ಒಪ್ಪಿಸಬೇಕು. ಇದ್ದದ್ದನ್ನು ಇದ್ದ ಹಾಗೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಬಣ್ಣ ಹಚ್ಚದೆ. ನನಗೆ ಗೊತ್ತಿರುವ ಭಾಷಣ ಅದೊಂದೇ. ಅದನ್ನೇ ಮಾಡಿದೆ.

"ಒಂದನೇ ಬೆಡ್, ನ್ಯೂಜೆರ್ಸಿ," ಎಂದೆ. "ನೀವಿದ್ದೀರಿ, ಅಕ್ಕ ಇದ್ದಾರೆ, ಅದು ದೊಡ್ಡ ವಿಷಯ. ಕುಚ್ಚಲಕ್ಕಿ ಉಂಟು, ರೈಲು ಉಂಟು. ಹುಡುಗಿಗೆ ಅಣ್ಣಂದಿರು ಸಿಗ್ತಾರೆ. ಹಿಮ ಬೀಳ್ತದೆ, ಅದಕ್ಕೆ ನಾನು ಹೆದರುದಿಲ್ಲ. ಆದ್ರೆ ಕೆಲಸ ನನ್ನ ಕೆಲಸ ಅಲ್ಲ ಭಾವ. ನೀವು ಒಮ್ಮೆಯೂ ಕೇಳ್ಲಿಲ್ಲ, ಹಾಗೆ ನಾನೇ ಹೇಳ್ತೇನೆ, ನಾನು ದಿನ ತುಂಬದ ಮಕ್ಕಳ ನರ್ಸ್. ಹನ್ನೊಂದು ವರ್ಷ ಆಯ್ತು. ಮತ್ತೆ ಅಡುಗೆಮನೆ. ಅಕ್ಕನ ಅಡುಗೆಮನೆಯಲ್ಲಿ ನಾನು ನೆಂಟರ ಹಾಗೆ ಇರ್ಬೇಕಾಗ್ತದೆ, ಅವರಿಗೂ ಅದು ಕಷ್ಟವೇ."

ಕೆಳಗಿನ ಮನೆಯವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಗಾಬರಿಯೋ ಗೊತ್ತಾಗಲಿಲ್ಲ.

"ಎರಡನೇ ಬೆಡ್, ಟೆಕ್ಸಾಸ್. ನಮ್ಮವರು ಯಾರೂ ಇಲ್ಲ, ಒಬ್ಬಳು ಗೆಳತಿ. ಸೆಕೆ ಇಲ್ಲಿಯ ಹಾಗೇ. ಬಿರುಗಾಳಿ ಬರ್ತದಂತೆ. ಎಲ್ಲದಕ್ಕೂ ಕಾರು ಬೇಕು. ಇಲ್ಲಿ ಡ್ರೈವಿಂಗ್ ಟೆಸ್ಟಲ್ಲಿ ನಾನು ಎರಡು ಸಲ ಫೇಲು, ಅಲ್ಲಿ ಮೂರನೇ ಸಲ ಕೊಡ್ತೇನೆ. ಬಂಗುಡೆ ಬಗ್ಗೆ ಇನ್ನೂ ಗೊತ್ತಾಗ್ಲಿಲ್ಲ. ಆದ್ರೆ ವಾರ್ಡ್ ನನ್ನದು. ಬಾಡಿಗೆ ಮನೆ ಆದ್ರೂ ಬೀಗದಕೈ ನನ್ನದು."

ಆಮೇಲೆ ಗೆಳತಿಯ ಕಾಗದ ತೆಗೆದು, ಫ್ಲೋರಿಡಾದ ಭಾಗವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಹಾಸ್ಟೆಲ್ ಗೋಡೆಯ ವಿಷಯ ಬಿಟ್ಟೆ. ಯಾರೂ ಕೇಳುವುದಿಲ್ಲ ಎಂಬ ಸಾಲಿಗೆ ಬಂದಾಗ ಇವರ ಕಡೆ ನೋಡಿದೆ. ಇವರು ನನ್ನನ್ನು ನೋಡುತ್ತಿರಲಿಲ್ಲ. ಅಟ್ಲಾಸಿನ ಆ ದೊಡ್ಡ ಪುಟದಲ್ಲಿ ಬಣ್ಣ ಬಣ್ಣದ ರಾಜ್ಯಗಳ ನಡುವಿನ ಗೆರೆಯ ಮೇಲೆ ಬೆರಳು ಎಳೆಯುತ್ತಿದ್ದರು. ಊರಿನಲ್ಲಿ ಕಳೆದ ಆ ಎರಡು ವರ್ಷ ಇವರ ಮುಖದ ಮೇಲೆ ಬಂದು ಹೋದದ್ದು ನನಗೆ ಕಂಡಿತು. ಆದರೂ ನಿಲ್ಲಿಸಲಿಲ್ಲ.

"ಫಾರ್ಮಲ್ಲಿ ಟೆಕ್ಸಾಸ್ ಅಂತ ನಿನ್ನೆಯೇ ಬರ್ದಾಯ್ತು ಭಾವ," ಎಂದೆ. "ನಾಳೆ ಪೋಸ್ಟಿಗೆ ಹಾಕ್ತೇನೆ. ನಿಮ್ಮ ಮೇಲೆ ಸಿಟ್ಟಿಲ್ಲ. ಸರಿ ಆಗದಿದ್ರೆ ಸಾಮಾನು ಲಾರಿಗೆ ಹಾಕಿ ನಿಮ್ಮಲ್ಲಿಗೇ ಬರ್ತೇವೆ, ಮೂರು ದಿನದ ದಾರಿಯಂತೆ. ದಾರಿಯಲ್ಲಿ ಯಾರೂ ಕಾಗದ ಕೇಳುದಿಲ್ಲ. ಆಗ ಆ ಕೆಳಗಿನ ಕೋಣೆ ಇದ್ರೆ ಕೊಡಿ."

ಅಲ್ಲಿಂದ ಮುಂದೆ ನನ್ನ ವಾರ್ಡಿನ ಬಗ್ಗೆ ಹೇಳಿದೆ. ಒಂದೊಂದು ಮಗುವಿನ ಬಗ್ಗೆ. ಎಷ್ಟು ತೂಕದಲ್ಲಿ ಬಂದದ್ದು ಎಷ್ಟು ತೂಕದಲ್ಲಿ ಮನೆಗೆ ಹೋಯಿತು, ಯಾವುದು ಹೋಗಲೇ ಇಲ್ಲ ಎಂದು. ಆ ಅಮೆರಿಕನ್ ಮಗು ಗಾಜಿನ ಪೆಟ್ಟಿಗೆಯಿಂದ ಹೊರಬಂದು ಅಮ್ಮನ ತೊಡೆಯ ಮೇಲೆ ಸೀನಿದ್ದನ್ನು ಹೇಳಿದೆ. ಇವರಿಗೂ ಅದೆಲ್ಲ ಗೊತ್ತಿರಲಿಲ್ಲ ಎಂದು ನನಗೆ ಆಗಲೇ ಹೊಳೆದದ್ದು. ಹತ್ತು ವರ್ಷ ಸಂಸಾರ ಮಾಡಿಯೂ, ಡ್ಯೂಟಿ ಹೇಗಿತ್ತು ಎಂದರೆ ಆಯಿತು ಎನ್ನುವುದೇ ನನ್ನ ಉತ್ತರವಾಗಿತ್ತು. ಚಹಾ ಯಾರೂ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ನಡುವೆ ಒಂದು ಬದಿ ಮುಗಿಯಿತು. ನಾನೇ ಎದ್ದು ಕ್ಯಾಸೆಟ್ ತಿರುಗಿಸಿ ಹಾಕಿ ಮುಂದುವರಿಸಿದೆ.

ಎರಡನೇ ಬದಿಯ ಟೇಪು ತೆಳ್ಳಗಾಗುತ್ತ ಬಂತು. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಕೆಲವು ಸುತ್ತು ಮಾತ್ರ ಉಳಿದದ್ದು ಕಂಡಿತು. ನಾನು ಕುರ್ಚಿಯಿಂದ ಎದ್ದು, ಇವರ ಕಡೆ ತಿರುಗಿದೆ.

"ಬನ್ನಿ," ಎಂದೆ. "ಇನ್ನೆರಡು ನಿಮಿಷ ಉಂಟು. ನೀವೂ ಎರಡು ಮಾತು ಹೇಳಿ."

ಇವರು ಬಂದು ಕೂತರು. ಎಷ್ಟೋ ಹೊತ್ತು ಟೇಪು ಸುಮ್ಮನೆ ತಿರುಗಿತು. ಎ.ಸಿ.ಯ ಗುಂಯ್ ಎನ್ನುವ ಸದ್ದು, ಹೊರಗೆ ಹೈವೇಯ ಸದ್ದು, ಅಷ್ಟೇ ಅದರೊಳಗೆ ಹೋಗಿರಬೇಕು.

"ಅಣ್ಣಾ, ನಮಸ್ಕಾರ," ಎಂದರು ಇವರು ಕೊನೆಗೆ. "ನಾವೆಲ್ಲ ಸೌಖ್ಯ. ಅವಳು ಎಲ್ಲ ಹೇಳಿದ್ದಾಳೆ. ಅಣ್ಣಾ, ನೀನು ಅಲ್ಲಿ ಹದಿನೈದು ವರ್ಷ... ಅಲ್ಲಿಂದ ಹೋಗ್ಲಿಕ್ಕೆ ಯಾರನ್ನೂ ಕೇಳ್ಬೇಕೂಂತ ಇಲ್ಲ ಅಂತ ನಿನಗೆ ಗೊತ್ತಿತ್ತಾ?" ಆಮೇಲೆ, "ಅಲ್ಲಿ ಈಗ ಚಳಿಯಾ?" ಎಂದರು.

ಟಕ್ಕೆಂದು ಗುಂಡಿ ಮೇಲೆದ್ದಿತು.